ಹಿಡಿಂಬನ ಹಲ್ಲು, ಗಾಡ್ಜಿಲ್ಲಾನ ಕೂಗು

ಪ್ರಶ್ನೆ: ಈಗ ಗ್ರಾಫಿಕ್ಸ್‌ನಲ್ಲಿ ಎಂಥ ದೈತ್ಯನನ್ನು ಬೇಕಾದರೂ ತೋರಿಸುತ್ತಾರೆ. ಆದರೆ ಮಾರನೇ ದಿನಕ್ಕೆ ಮರೆತುಹೋಗುತ್ತದೆ. ಹಳೇ ಸಿನಿಮಾದ ಕೆಲವು ದೈತ್ಯರು ಮಾತ್ರ ಯಾಕೆ ನೆನಪಲ್ಲಿ ಉಳಿಯುತ್ತಾರೆ?
– ಓದುಗರೊಬ್ಬರು, ದಾವಣಗೆರೆ

ಉತ್ತರ: ಚಿತ್ರದುರ್ಗದ ಕೋಟೆ ಹತ್ತಿದ್ದರೆ ನೀವು ಹಿಡಿಂಬೇಶ್ವರನ ಗುಡಿ ನೋಡಿರುತ್ತೀರಿ. ಭೀಮ ಹಿಡಿಂಬನನ್ನು ಕೊಂದದ್ದು ಈ ಬೆಟ್ಟದಲ್ಲೇ ಅನ್ನುವುದು ನಮ್ಮೂರಿನ ನಂಬಿಕೆ. ಗುಡಿಯಲ್ಲಿ ಒಂದು ದೊಡ್ಡ ಎಲುಬಿನ ತುಂಡಿದೆ. ಅದನ್ನು ಹಿಡಿಂಬನ ಹಲ್ಲು ಅನ್ನುತ್ತಾರೆ. ಹಲ್ಲೇ ಇಷ್ಟಿದ್ದರೆ ಬಾಯಿ ಎಷ್ಟಿರಬೇಕು? ಚಿಕ್ಕಂದಿನಲ್ಲಿ ಬೆಟ್ಟ ಇಳಿಯುವ ತನಕ ನನಗೆ ಅದೇ ಯೋಚನೆ. ಇದ್ದದ್ದು ಒಂದು ಹಲ್ಲು. ಉಳಿದ ರಾಕ್ಷಸನನ್ನು ನಾನೇ ಕಟ್ಟಿಕೊಂಡಿದ್ದೆ. ನಾನು ಕಟ್ಟಿದ್ದನ್ನು ನಾನು ಮರೆಯುವುದು ಹೇಗೆ?

1975ರ ‘ಜಾಸ್’ ಮಾಡಿದ್ದೂ ಇದನ್ನೇ. ಅದರಲ್ಲಿ ಶಾರ್ಕ್ ಸರಿಯಾಗಿ ಕಣ್ಣಿಗೆ ಬೀಳಲು ಒಂದು ಗಂಟೆಗಿಂತ ಜಾಸ್ತಿ ಕಾಯಬೇಕು. ಯಂತ್ರದ ಶಾರ್ಕ್ ಸಮುದ್ರದ ಉಪ್ಪುನೀರಿಗೆ ಪದೇ ಪದೇ ಕೆಡುತ್ತಿತ್ತು. ಹಾಗಾಗಿ ನಿರ್ದೇಶಕ ಸ್ಪಿಲ್‌ಬರ್ಗ್ ಅದನ್ನು ತೋರಿಸದೆಯೇ ಹೆದರಿಸಬೇಕಾಯಿತು. ಕಾಣದ ಶಾರ್ಕ್ ನೀರಲ್ಲಿ ಎಳೆದುಕೊಂಡು ಹೋಗುವ ಹಳದಿ ಪೀಪಾಯಿಗಳು, ಸಂಗೀತ ನಿರ್ದೇಶಕ ಜಾನ್ ವಿಲಿಯಮ್ಸ್ ಕೊಟ್ಟ ಎರಡೇ ಸ್ವರ. ಅಷ್ಟು ಸಾಕಾಯಿತು.

ಆದರೆ ಸುಮ್ನೆ ಬಚ್ಚಿಟ್ಟರೆ ಆಗುವುದಿಲ್ಲ. ಆ ದೈತ್ಯ ನಮ್ಮ ನಿಜವಾದ ಭಯದಿಂದ ಹುಟ್ಟಿರಬೇಕು. ನನಗೆ ಈ ಮಾತು ತುಂಬಾ ಮುಖ್ಯ. ಜಪಾನಿನ ‘ಗಾಡ್ಜಿಲ್ಲಾ’ ಸಿನಿಮಾ ಬಂದದ್ದು 1954ರಲ್ಲಿ, ಹಿರೋಶಿಮಾ ಸುಟ್ಟು 9 ವರ್ಷಕ್ಕೆ. ಅದೇ ವರ್ಷ ಮಾರ್ಚ್‌ನಲ್ಲಿ ಅಮೆರಿಕದ ಹೈಡ್ರೋಜನ್ ಬಾಂಬ್ ಪರೀಕ್ಷೆಯ ವಿಷಬೂದಿ ಜಪಾನಿನ ಮೀನುಗಾರರ ಮೇಲೆ ಸುರಿದಿತ್ತು. ಬಾಂಬಿನಿಂದಲೇ ಎದ್ದುಬಂದ ಆ ಪ್ರಾಣಿಯ ಚರ್ಮ, ಬಾಂಬಿನಲ್ಲಿ ಬೆಂದವರ ಗಾಯದ ಕಲೆಗಳ ಹಾಗೆ ಒರಟು. ರಬ್ಬರ್ ವೇಷದೊಳಗೆ ಇದ್ದದ್ದು ಮನುಷ್ಯನೇ. ಡಬಲ್ ಬಾಸ್ ಎಂಬ ದೊಡ್ಡ ವಾದ್ಯದ ತಂತಿಯನ್ನು ಚರ್ಮದ ಗವಸಿನಿಂದ ಉಜ್ಜಿ ಅದರ ಕೂಗು ಮಾಡಿದರು. ಅದರಲ್ಲಿ ಸಿಟ್ಟಿನ ಜೊತೆ ನೋವೂ ಕೇಳಿಸುತ್ತದೆ, ಅಲ್ವಾ?

1933ರ ‘ಕಿಂಗ್ ಕಾಂಗ್’ ಸಿನಿಮಾದ ದೈತ್ಯ ಗೊರಿಲ್ಲಾ ಹೆಚ್ಚಿನ ದೃಶ್ಯಗಳಲ್ಲಿ ಒಂದೂವರೆ ಅಡಿಯ ಗೊಂಬೆ. ಕ್ಯಾಮೆರಾ ತೆಗೆಯುವ ಒಂದೊಂದು ಫೋಟೋಗೂ ಅದನ್ನು ಚೂರು ಚೂರೇ ಅಲುಗಿಸಿ ಓಡಾಡಿಸಿದರು. ಆದರೂ ಅದು ಕಟ್ಟಡದ ತುದಿಯಿಂದ ಬೀಳುವಾಗ ಗುಂಡು ಹೊಡೆದವರ ಕಡೆ ನಿಲ್ಲಲು ನನಗೆ ಇವತ್ತಿಗೂ ಆಗಿಲ್ಲ.

ನಮ್ಮ ಬೆಟ್ಟದ ಗುಡಿಯನ್ನೇ ನೋಡಿ. ಗೆದ್ದವನು ಭೀಮ. ಆದರೆ ಅಲ್ಲಿಯ ಶಿವನಿಗೆ ಬಂದಿರುವುದು ಹಿಡಿಂಬನ ಹೆಸರು.