ಫ್ರೀ ಫೋನ್ ನಿಜಕ್ಕೂ ಫ್ರೀನಾ?

ಪ್ರಶ್ನೆ: 'ಪ್ಲಾನ್ ತಗೊಳ್ಳಿ, ಫೋನ್ ಉಚಿತ' ಅನ್ನುವ ಆಫರ್‌ಗಳು ಆನ್‌ಲೈನ್‌ನಲ್ಲಿ ದಿನಾ ಕಾಣಿಸುತ್ತವೆ. ಇವುಗಳಲ್ಲಿ ಒಳ್ಳೆಯದು ಯಾವುದು ಅಂತ ಗುರುತಿಸೋದು ಹೇಗೆ?

ಉತ್ತರ: ಫೋನಿನ ಬೆಲೆ ಎಲ್ಲಿಗೂ ಹೋಗಿರುವುದಿಲ್ಲ, ತಿಂಗಳ ಬಿಲ್ಲಿನೊಳಗೆ ಸೇರಿಕೊಂಡಿರುತ್ತದೆ. ಸಾಮಾನ್ಯವಾಗಿ 24 ಅಥವಾ 36 ತಿಂಗಳಲ್ಲಿ ಕಂಪನಿ ಅದನ್ನು ವಸೂಲು ಮಾಡಿಕೊಳ್ಳುತ್ತದೆ. ಹಾಗಂತ ಎಲ್ಲವೂ ಮೋಸ ಅಲ್ಲ. ಗ್ರಾಹಕರು ಎರಡು ಮೂರು ವರ್ಷ ಬಿಟ್ಟು ಹೋಗದಿರಲಿ ಅಂತ ಕಂಪನಿಗಳು ನಿಜವಾಗಿಯೂ ಒಂದಿಷ್ಟು ಹಣ ಬಿಟ್ಟುಕೊಡುವುದೂ ಉಂಟು. ಎಷ್ಟು ಬಿಟ್ಟುಕೊಟ್ಟಿದ್ದಾರೆ ಅಂತ ತಿಳಿಯಲು ಒಂದೇ ಒಂದು ಲೆಕ್ಕ ಸಾಕು.

ಫೋನ್ ಇಲ್ಲದೆ ಬರೀ ಸಿಮ್ ತಗೊಂಡರೆ ತಿಂಗಳಿಗೆ 100 ಆಗುತ್ತದೆ ಅಂತಿಟ್ಟುಕೊಳ್ಳಿ. ಫ್ರೀ ಫೋನಿನ ಪ್ಲಾನ್‌ಗೆ 150. ವ್ಯತ್ಯಾಸ 50. ಅದನ್ನು 24 ತಿಂಗಳಿಗೆ ಗುಣಿಸಿದರೆ 1,200. ಇದೇ ನಿಮ್ಮ 'ಫ್ರೀ' ಫೋನಿನ ಅಸಲಿ ಬೆಲೆ. ಅದೇ ಫೋನ್ ಹೊರಗೆ 900ಕ್ಕೆ ಸಿಗುತ್ತಿದ್ದರೆ ನೀವು 300 ಜಾಸ್ತಿ ಕೊಟ್ಟ ಹಾಗಾಯಿತು. 1,500 ಇದ್ದರೆ ಲಾಭ ನಿಮ್ಮದೇ.

ಇಲ್ಲಿ ಬಹಳ ಜನ ಎಡವುತ್ತಾರೆ. ಫ್ರೀ ಫೋನ್ ಹೆಚ್ಚಾಗಿ ದುಬಾರಿ ಪ್ಲಾನಿನ ಜೊತೆಗೇ ಬರುತ್ತದೆ. ಅದೇ ದುಬಾರಿ ಪ್ಲಾನಿನ ಸಿಮ್ ದರಕ್ಕೆ ಹೋಲಿಸಿದರೆ ವ್ಯತ್ಯಾಸ ಚಿಕ್ಕದಾಗಿ ಕಾಣುತ್ತದೆ. ನಿಮಗೆ ಅಷ್ಟು ಡೇಟಾ ಬೇಕೇ ಇಲ್ಲ ಅಲ್ವಾ? ಹಾಗಾದರೆ ನೀವು ನಿಜವಾಗಿ ಬಳಸುವ ಚಿಕ್ಕ ಪ್ಲಾನಿಗೇ ಹೋಲಿಸಿ. ಮೊದಲ ಬಿಲ್ಲಿಗೆ ಸೇರುವ ಆ್ಯಕ್ಟಿವೇಶನ್ ಶುಲ್ಕ, ಸಾಗಣೆ ವೆಚ್ಚ, ತೆರಿಗೆಯನ್ನೂ ಲೆಕ್ಕಕ್ಕೆ ಹಿಡಿಯಿರಿ. ಕೆಲವು ಕಡೆ ಫೋನ್ ಉಚಿತವಾದರೂ ತೆರಿಗೆ ಮಾತ್ರ ಪೂರ್ತಿ ಬೆಲೆಯ ಮೇಲೆ ಬೀಳುತ್ತದೆ.

ಇನ್ನು ಷರತ್ತಿನ ಪುಟದಲ್ಲಿ 'ಬಿಲ್ ಕ್ರೆಡಿಟ್' ಅನ್ನುವ ಮಾತು ಹುಡುಕಿ. ಅದಿದ್ದರೆ ಬಿಲ್ಲಿನಲ್ಲಿ ಪ್ರತಿ ತಿಂಗಳೂ ಫೋನಿನ ಕಂತು ಒಂದು ಸಾಲಿನಲ್ಲಿ ಬರುತ್ತದೆ, ಅಷ್ಟೇ ಮೊತ್ತವನ್ನು ಇನ್ನೊಂದು ಸಾಲಿನಲ್ಲಿ ಕಳೆದಿರುತ್ತಾರೆ. ಹಾಗಾಗಿ ಸೊನ್ನೆ. ಹತ್ತನೇ ತಿಂಗಳಿಗೆ ಕಂಪನಿ ಬದಲಿಸಿದರೆ ಕಳೆಯುವ ಸಾಲು ನಿಲ್ಲುತ್ತದೆ, ಉಳಿದ ಕಂತು ನಿಮ್ಮ ತಲೆಗೆ ಬರುತ್ತದೆ. ಚಿಕ್ಕ ಪ್ಲಾನಿಗೆ ಇಳಿದರೂ ಕ್ರೆಡಿಟ್ ನಿಲ್ಲಿಸುವವರಿದ್ದಾರೆ. ಊರು ಬಿಡುವ, ಕೆಲಸ ಬದಲಾಗುವ ಸಾಧ್ಯತೆ ಇರುವವರಿಗೆ 36 ತಿಂಗಳ ಆಫರ್ ಬೇಡವೇ ಬೇಡ ಅಂತ ನಾನು ಹೇಳುತ್ತೇನೆ.

ಹಳೇ ಫೋನ್ ಕೊಟ್ಟರೆ ಹೊಸದು ಫ್ರೀ ಅಂದರೆ, ಕಳಿಸುವ ಮುಂಚೆ ಅದರ ಪರದೆ, ಅಂಚು, ಹಿಂಭಾಗದ ಫೋಟೋ ತೆಗೆದಿಡಿ. ಫೋನ್ ತಲುಪಿದ ಮೇಲೆ 'ಗೀರು ಬಿದ್ದಿದೆ' ಅಂತ ಬೆಲೆ ಇಳಿಸಿದರೆ ನಿಮ್ಮ ಕೈಯಲ್ಲಿ ಬೇರೆ ಸಾಕ್ಷಿ ಇರುವುದಿಲ್ಲ. ಗೂಗಲ್ ಅಥವಾ ಆ್ಯಪಲ್ ಖಾತೆಯಿಂದ ಲಾಗ್‌ಔಟ್ ಆಗಿ, ಎಲ್ಲ ಅಳಿಸಿ, ಆಮೇಲೆ ಕಳಿಸಿ.

ಮಾಡೆಲ್ ಹಳೆಯದಾಗಿದ್ದರೆ ಚಿಂತೆಯಿಲ್ಲ, ಆದರೆ ಸೆಕ್ಯುರಿಟಿ ಅಪ್‌ಡೇಟ್ ಎಲ್ಲಿಯವರೆಗೆ ಸಿಗುತ್ತದೆ ಅಂತ ತಯಾರಕರ ಸೈಟಿನಲ್ಲಿ ನೋಡಿ. ಕಂತು ಮುಗಿಯುವ ಮುಂಚೆಯೇ ಅಪ್‌ಡೇಟ್ ನಿಲ್ಲುವ ಫೋನ್ ಫ್ರೀ ಕೊಟ್ಟರೂ ಬೇಡ. ಸಿಮ್ ಲಾಕ್ (ಬೇರೆ ಕಂಪನಿಯ ಸಿಮ್ ನಡೆಯದಂತೆ ಹಾಕುವ ತಡೆ) ಇದೆಯೋ, ಯಾವಾಗ ತೆಗೆಯುತ್ತಾರೋ ಅದನ್ನೂ ಕೇಳಿ.

'ನೀವು ಫೋನ್ ಗೆದ್ದಿದ್ದೀರಿ, ಸಾಗಣೆ ಹಣ ಮಾತ್ರ ಕೊಡಿ' ಅನ್ನುವ ಲಿಂಕ್ ಮುಟ್ಟಲೇಬೇಡಿ. ಅವರಿಗೆ ಬೇಕಿರುವುದು ನಿಮ್ಮ ಕಾರ್ಡ್ ನಂಬರ್. ಆಫರ್ ನಿಜವಿದ್ದರೆ ಕಂಪನಿಯ ಸೈಟಿನಲ್ಲೂ ಇರುತ್ತದೆ. ವಿಳಾಸ ನೀವೇ ಟೈಪ್ ಮಾಡಿ ಹೋಗಿ ನೋಡಿ.

ಫೋನ್ ಕೈಗೆ ಬಂದ ದಿನವೇ *#06# ಒತ್ತಿ. 15 ಅಂಕಿಯ ಐಎಂಇಐ, ಅಂದರೆ ಆ ಫೋನಿನ ಗುರುತಿನ ನಂಬರ್ ಬರುತ್ತದೆ. ಡಬ್ಬಿಯ ಮೇಲಿನ ನಂಬರಿಗೂ ಅದಕ್ಕೂ ತಾಳೆ ಆಗದಿದ್ದರೆ, ವಾಪಸ್ ಕೊಡಲು ಇರುವ ಗಡುವು ಮುಗಿಯುವುದರೊಳಗೆ ಹಿಂದಿರುಗಿಸಿ.