ತುಕ್ಕು ತಿಂದ ಕಾರಿನ ನೆಲಕ್ಕೆ ನಾವೇ ವೆಲ್ಡಿಂಗ್ ಮಾಡಬಹುದಾ?

ಪ್ರಶ್ನೆ: ನಮ್ಮ ಮನೆ ಬ್ರಹ್ಮಾವರದ ಹತ್ತಿರ, ಸಮುದ್ರಕ್ಕೆ ಎರಡೇ ಕಿಲೋಮೀಟರ್. 2009ರ ಮಾರುತಿ 800 ಇದೆ. ಡ್ರೈವರ್ ಕಾಲಡಿಯ ಶೀಟು ತುಕ್ಕು ತಿಂದು ಅಂಗೈಯಷ್ಟು ತೂತಾಗಿದೆ. ಬಾಗಿಲ ಕೆಳಗಿನ ರನ್ನಿಂಗ್ ಬೋರ್ಡ್ ಕೂಡ ಅಲ್ಲಲ್ಲಿ ಉಬ್ಬಿದೆ. ಗ್ಯಾರೇಜಿನವರು ಹೇಳಿದ ರೇಟು ಜಾಸ್ತಿ ಅನಿಸಿತು. ನನ್ನ ಭಾವ ಗೇಟು, ಗ್ರಿಲ್ ಮಾಡುವವರು, ವೆಲ್ಡಿಂಗ್ ಮೆಷಿನ್ ಅವರ ಹತ್ತಿರವೇ ಇದೆ. ನಾವೇ ತೇಪೆ ಹಾಕಿಕೊಳ್ಳಬಹುದಾ?

ಉತ್ತರ: ಮೊದಲೇ ಹೇಳಿಬಿಡುತ್ತೇನೆ. ಕಾಲಡಿಯ ತೂತಿಗೆ ನೀವೇ ತೇಪೆ ಹಾಕಬಹುದು, ಆದರೆ ಭಾವನ ಗೇಟಿನ ಮೆಷಿನ್ ಅದಕ್ಕೆ ಆಗುವುದಿಲ್ಲ. ರನ್ನಿಂಗ್ ಬೋರ್ಡಿಗೆ ಮಾತ್ರ ಕೈ ಹಾಕಬೇಡಿ. ಅದನ್ನು ಟಿಂಕರಿಂಗ್ ಬಲ್ಲವರಿಗೇ ಕೊಡಿ.

ಭಾವನ ಕೈಚಳಕದ ಬಗ್ಗೆ ನನಗೆ ಅನುಮಾನವಿಲ್ಲ. ತೊಂದರೆ ಇರುವುದು ಶೀಟಿನ ದಪ್ಪದಲ್ಲಿ. ಗೇಟಿನ ಪೈಪು, ಪಟ್ಟಿ ಸಾಮಾನ್ಯವಾಗಿ 1.5ರಿಂದ 3 ಮಿ.ಮೀ. ಇರುತ್ತವೆ. ಸಣ್ಣ ಕಾರಿನ ಶೀಟು ಹೊಸದಿದ್ದಾಗಲೇ 0.7, 0.8 ಮಿ.ಮೀ. ಆಸುಪಾಸು. ಇಷ್ಟು ವರ್ಷ ಉಪ್ಪುಗಾಳಿ ಕುಡಿದ ಮೇಲೆ ತೂತಿನ ಅಂಚು ಕಾಗದದ ಹಾಗೆ ಆಗಿರುತ್ತದೆ. ಗೇಟಿಗೆ ಬಳಸುವ ವೆಲ್ಡಿಂಗ್ ರಾಡು 2.5 ಅಥವಾ 3.15 ಮಿ.ಮೀ. ದಪ್ಪ. ಅಂದರೆ ಶೀಟಿಗಿಂತ ರಾಡೇ ಮೂರ್ನಾಲ್ಕು ಪಟ್ಟು ದಪ್ಪ! ರಾಡು ಉರಿಯುವಷ್ಟು ಕರೆಂಟು ಕೊಟ್ಟರೆ ಶೀಟು ಕರಗಿ ಬೀಳುತ್ತದೆ. ಕರೆಂಟು ಇಳಿಸಿದರೆ ರಾಡು ಅಂಟಿಕೊಂಡು ಕೂರುತ್ತದೆ.

ನಾನು ಹಳೆಯ ಓಮ್ನಿಯೊಂದರ ನೆಲದಲ್ಲಿ ಇದನ್ನು ಮಾಡಿ ನೋಡಿದ್ದೇನೆ. ಇದ್ದದ್ದು ಎಂಟಾಣೆ ಅಗಲದ ತೂತು. ರಾಡು ಮುಟ್ಟಿಸಿದ ಕೂಡಲೇ ಅಂಚು ಕೆಂಪಾಯಿತು, ಬೆಳ್ಳಗಾಯಿತು, ಹನಿಯಾಗಿ ಕೆಳಗೆ ಬಿತ್ತು. ಅದನ್ನು ಮುಚ್ಚಲು ಹೋದರೆ ಪಕ್ಕದ್ದು ಹೋಯಿತು. ಅರ್ಧ ಗಂಟೆಯಲ್ಲಿ ಎಂಟಾಣೆ ತೂತು ಚಹಾ ಲೋಟದ ಬಾಯಿಯಷ್ಟಾಗಿತ್ತು. ಕೊನೆಗೆ ಸುತ್ತಲಿನ ಶೀಟನ್ನೆಲ್ಲ ಗಟ್ಟಿ ಲೋಹ ಸಿಗುವವರೆಗೆ ಕತ್ತರಿಸಿ ಹೊಸದಾಗಿ ಶುರು ಮಾಡಬೇಕಾಯಿತು.

ಈ ಕೆಲಸಕ್ಕೆ ಬೇಕಾದ್ದು ಮಿಗ್ ಮೆಷಿನ್. ನಮ್ಮ ಗ್ಯಾರೇಜುಗಳಲ್ಲಿ ಇದಕ್ಕೆ ಸಿಓಟು ವೆಲ್ಡಿಂಗ್ ಅನ್ನುತ್ತಾರೆ. ಇದರಲ್ಲಿ 0.6 ಅಥವಾ 0.8 ಮಿ.ಮೀ. ತೆಳು ತಂತಿ ತಾನಾಗಿ ಬರುತ್ತಾ ಇರುತ್ತದೆ, ಗ್ಯಾಸು ಸುತ್ತ ಹರಡಿ ಗಾಳಿ ತಾಗದಂತೆ ಕಾಯುತ್ತದೆ. ಹಳೆಯ ಟಿಂಕರಿಂಗ್ ಮೇಸ್ತ್ರಿಗಳು ಗ್ಯಾಸ್ ವೆಲ್ಡಿಂಗಿನಲ್ಲೇ, ಅಂದರೆ ಗ್ಯಾಸ್ ಉರಿಸಿದ ಬೆಂಕಿಯಲ್ಲೇ, ಚಂದ ಮಾಡುತ್ತಾರೆ. ಆದರೆ ಅದರ ಬಿಸಿ ದೂರದವರೆಗೆ ಹರಡಿ ಶೀಟು ಸೊಟ್ಟಗಾಗುತ್ತದೆ, ಮೊದಲ ಸಲ ಹಿಡಿಯುವವರಿಗೆ ಅದು ಬೇಡ.

ಮಿಗ್ ಇದ್ದರೂ ಗೇಟಿಗೆ ಎಳೆದ ಹಾಗೆ ಉದ್ದಕ್ಕೆ ಗೆರೆ ಎಳೆಯುವಂತಿಲ್ಲ. ರಂಗೋಲಿ ಹಾಕುವವರು ಮೊದಲು ಚುಕ್ಕೆ ಇಡುತ್ತಾರಲ್ವಾ, ಹಾಗೆ. ಒಂದು ಮೂಲೆಯಲ್ಲಿ ಒಂದು ಚುಕ್ಕೆ, ಎದುರು ಮೂಲೆಯಲ್ಲಿ ಇನ್ನೊಂದು. ಒಂದಿಂಚಿಗೊಂದರಂತೆ ಇಡುತ್ತಾ ಹೋಗಿ, ಆಮೇಲೆ ನಡುವಿನ ಜಾಗ ತುಂಬಬೇಕು. ಒಂದು ಚುಕ್ಕೆ ಆರದೆ ಅದರ ಪಕ್ಕದಲ್ಲೇ ಇನ್ನೊಂದು ಇಡಬೇಡಿ. ತೇಪೆಯ ಶೀಟು 20 ಗೇಜಿನದು, ಅಂದರೆ ಸುಮಾರು 0.9 ಮಿ.ಮೀ. ಇರಲಿ, ಮೂಲೆಗಳು ದುಂಡಗಿರಲಿ. ಮನೆಯಲ್ಲಿ ಬಿದ್ದಿದೆ ಅಂತ ಮಾಡಿಗೆ ಹಾಕುವ ಜಿಂಕ್ ಶೀಟನ್ನು ಕತ್ತರಿಸಿ ಹಾಕಲೇಬೇಡಿ. ಸತು ಸುಮಾರು 900 ಡಿಗ್ರಿಗೆ ಆವಿಯಾಗುತ್ತದೆ, ಕಬ್ಬಿಣ ಕರಗಲು 1500ರ ಹತ್ತಿರ ಬೇಕು. ಕಬ್ಬಿಣ ಕೂಡುವ ಮೊದಲೇ ಸತುವಿನ ಬಿಳಿ ಹೊಗೆ ಎದ್ದು ಮೂಗಿಗೆ ಬರುತ್ತದೆ. ಆ ಹೊಗೆ ಕುಡಿದವರಿಗೆ ರಾತ್ರಿ ಚಳಿಜ್ವರ ಬರುವುದುಂಟು.

ಕಾರಿಗೆ ಕೈ ಹಚ್ಚುವ ಮೊದಲು ಗುಜರಿಯಿಂದ ಒಂದು ಹಳೆಯ ಬಾಗಿಲು ತನ್ನಿ. ಅದರ ಶೀಟನ್ನು ಎರಡು ಪಟ್ಟಿ ಮಾಡಿ ಜೋಡಿಸಿ. ಆಮೇಲೆ ಇಕ್ಕಳದಲ್ಲಿ ಹಿಡಿದು ಮುರಿಯುವವರೆಗೆ ಬಗ್ಗಿಸಿ. ವೆಲ್ಡಿನ ಪಕ್ಕದಲ್ಲಿ ಶೀಟೇ ಹರಿದರೆ ವೆಲ್ಡು ಸರಿಯಾಗಿ ಕೂತಿದೆ. ವೆಲ್ಡೇ ಚಿಪ್ಪಿನಂತೆ ಕಿತ್ತು ಬಂದರೆ ನೀವು ಲೋಹವನ್ನು ಮೇಲೆ ಅಂಟಿಸಿದ್ದೀರಿ ಅಷ್ಟೇ, ಕೂಡಿಸಿಲ್ಲ. ಇಪ್ಪತ್ತು ಸಲ ಮಾಡಿದರೂ ಕಿತ್ತು ಬರುತ್ತಿದ್ದರೆ ಕಾಲಡಿಯ ತೂತನ್ನೂ ಬೇರೆಯವರಿಗೆ ಕೊಡಿ. ನೋಡಲು ಚಂದವಾಗಿರುವ ವೆಲ್ಡು ಗಟ್ಟಿಯಾಗಿಯೂ ಇರಬೇಕೆಂದಿಲ್ಲ.

ಇನ್ನು ರನ್ನಿಂಗ್ ಬೋರ್ಡ್. ಬೊಲೆರೊದಂಥ ಗಾಡಿಗೆ ಕೆಳಗೆ ಬೇರೆಯೇ ಚಾಸಿ ಇರುತ್ತದೆ, ಬಾಡಿ ಅದರ ಮೇಲೆ ಕೂತಿರುತ್ತದೆ. ಮಾರುತಿ 800ಕ್ಕೆ ಹಾಗೆ ಬೇರೆ ಚಾಸಿ ಇಲ್ಲ. ನೆಲ, ರನ್ನಿಂಗ್ ಬೋರ್ಡ್, ಕಂಬ, ಮಾಡು ಎಲ್ಲ ಸೇರಿಯೇ ಭಾರ ಹೊರುತ್ತವೆ. ಒಂದು ಬೆಂಕಿಪೊಟ್ಟಣದ ಹೊರಕವಚ ತೆಗೆದುಕೊಂಡು ತಿರುಚಿ ನೋಡಿ, ಸ್ವಲ್ಪ ತಡೆಯುತ್ತದೆ. ಒಂದು ಅಂಚನ್ನು ಉಗುರಿನಲ್ಲಿ ಸೀಳಿ ಮತ್ತೆ ತಿರುಚಿ. ಬೆರಳಿಗೆ ಏನೂ ತಡೆ ಸಿಗುವುದಿಲ್ಲ. ರನ್ನಿಂಗ್ ಬೋರ್ಡ್ ಆ ಅಂಚು. ಪಕ್ಕದಿಂದ ಇನ್ನೊಂದು ಗಾಡಿ ಗುದ್ದಿದಾಗ ನಿಮ್ಮ ಕಾಲಿಗೂ ಆ ಗಾಡಿಗೂ ನಡುವೆ ಇರುವ ಗಟ್ಟಿ ಲೋಹ ತುಂಬಾ ಕಡಿಮೆ. ಅದರಲ್ಲಿ ಇದೂ ಒಂದು.

ಇನ್ನೊಂದು ಕಷ್ಟ ಇದೆ. ರನ್ನಿಂಗ್ ಬೋರ್ಡನ್ನು ಕತ್ತರಿಸಿದ ಕೂಡಲೇ ಕಾರು ನಡುವೆ ಜಗ್ಗಬಹುದು. ಆ ಜಗ್ಗಿದ ಸ್ಥಿತಿಯಲ್ಲೇ ಹೊಸ ಶೀಟು ವೆಲ್ಡ್ ಆದರೆ ಕಾರು ಹಾಗೇ ಸೊಟ್ಟ ಉಳಿಯುತ್ತದೆ, ಬಾಗಿಲು ಸರಿಯಾಗಿ ಹಾಕಲು ಬರುವುದಿಲ್ಲ. ಒಳ್ಳೆಯ ಮೇಸ್ತ್ರಿ ಮೊದಲು ಬಾಗಿಲಿನ ಬಾಯಿಗೆ ಅಡ್ಡ ಪೈಪು ಕೊಟ್ಟು ಬಿಗಿ ಮಾಡುತ್ತಾರೆ, ಆಮೇಲೆ ಒಂದೊಂದೇ ಭಾಗ ಕತ್ತರಿಸುತ್ತಾರೆ. ಇದನ್ನು ಅಂಗಳದಲ್ಲಿ ಜಾಕ್ ಕೊಟ್ಟು ನಿಲ್ಲಿಸಿ ಮಾಡುವುದು ಕಷ್ಟ.

ಕಾಲಡಿಯ ಶೀಟಿಗೂ ಒಂದು ಮಿತಿ ಇದೆ. ಬ್ರಿಟನ್ನಿನಲ್ಲಿ ಕಾರುಗಳ ವಾರ್ಷಿಕ ತಪಾಸಣೆಯಲ್ಲಿ ಸೀಟ್ ಬೆಲ್ಟ್, ಸಸ್ಪೆನ್ಷನ್, ಸ್ಟೀರಿಂಗ್‌ಗಳ ಬೋಲ್ಟು ಕೂರುವ ಜಾಗದಿಂದ 30 ಸೆಂಟಿಮೀಟರ್ ಒಳಗೆ ತುಕ್ಕು ಬಾಡಿಯನ್ನು ದುರ್ಬಲ ಮಾಡಿದ್ದರೆ ಗಾಡಿ ಫೇಲ್. ನಮ್ಮಲ್ಲಿ ಅಂಥ ಅಳತೆ ಯಾರೂ ಕೇಳುವುದಿಲ್ಲ, ಆದರೆ ಮನೆಯಲ್ಲಿ ಕೆಲಸ ಮಾಡುವವರಿಗೆ ಇದು ಒಳ್ಳೆಯ ಅಳತೆಗೋಲು. ಸೀಟಿನ ಬೋಲ್ಟನ್ನೂ ಇದಕ್ಕೆ ಸೇರಿಸಿಕೊಳ್ಳಿ. ನಿಮ್ಮ ತೂತು ಇವುಗಳಿಗೆ ಅಷ್ಟು ಹತ್ತಿರವಿದ್ದರೆ ಮೇಸ್ತ್ರಿಯ ಕೈಗೆ ಕೊಡಿ.

ಹೊಸ ಕಾರು ಇರುವವರಿಗೂ ಒಂದು ಮಾತು. ಈಗಿನ ಎಷ್ಟೋ ಕಾರುಗಳ ನಡುಕಂಬದಲ್ಲಿ, ಅಂದರೆ ಮುಂದಿನ ಮತ್ತು ಹಿಂದಿನ ಬಾಗಿಲುಗಳ ನಡುವಿನ ಕಂಬದಲ್ಲಿ, ಬೋರಾನ್ ಸ್ಟೀಲ್ ಇರುತ್ತದೆ. ಅದನ್ನು 900 ಡಿಗ್ರಿ ಹತ್ತಿರ ಕಾಯಿಸಿ, ಅಚ್ಚಿನಲ್ಲೇ ತಟ್ಟನೆ ತಣಿಸಿ ಗಟ್ಟಿ ಮಾಡಿರುತ್ತಾರೆ. ಮತ್ತೆ ಬೆಂಕಿ ತಾಗಿಸಿದರೆ ಆ ಗಟ್ಟಿತನ ಅಲ್ಲಿಗೆ ಹೋಯಿತು, ಹೊರಗಿನಿಂದ ನೋಡಿದರೆ ಏನೂ ಗೊತ್ತಾಗುವುದಿಲ್ಲ. ಅಂಥ ಕಾರಿನ ಕಂಬಕ್ಕೆ ಮನೆಯಲ್ಲಿ ಮಾತ್ರವಲ್ಲ, ಬೀದಿಬದಿಯ ಗ್ಯಾರೇಜಿನಲ್ಲೂ ವೆಲ್ಡಿಂಗ್ ಬೇಡ. ಕಂಪನಿ ಸರ್ವಿಸ್ ಸೆಂಟರಿಗೇ ಹೋಗಿ.

ಈಗ ಬೆಂಕಿಯ ವಿಷಯ. ಇದಕ್ಕೆ ನಾನು ಎಲ್ಲಕ್ಕಿಂತ ಜಾಸ್ತಿ ಹೆದರುತ್ತೇನೆ. ಇಂಜಿನ್ ಮುಂದಿದೆ, ಟ್ಯಾಂಕು ಹಿಂದಿದೆ, ಪೆಟ್ರೋಲ್ ಪೈಪು ನೆಲದ ಕೆಳಗೇ ಹಾದುಹೋಗುತ್ತದೆ. ಬ್ರೇಕ್ ಪೈಪೂ ಅಲ್ಲೇ. ನೀವು ಮೇಲೆ ಚುಕ್ಕೆ ಇಡುವಾಗ ಕೆಳಗೆ ಏನು ಬಿಸಿಯಾಗುತ್ತಿದೆ ಅಂತ ಕಾಣುವುದಿಲ್ಲ. ಕಾರ್ಪೆಟ್, ಸೀಟು, ಶೀಟಿಗೆ ಅಂಟಿಸಿದ ಟಾರಿನಂಥ ಪದರ ಎಲ್ಲ ತೆಗೆಯಿರಿ. ಬ್ಯಾಟರಿಯ ನೆಗೆಟಿವ್ ಕಳಚಿ. ಪೈಪುಗಳನ್ನು ಪಕ್ಕಕ್ಕೆ ಸರಿಸಲು ಆಗದಿದ್ದರೆ ಅಲ್ಲಿ ವೆಲ್ಡಿಂಗ್ ಮಾಡಬೇಡಿ. ಟ್ಯಾಂಕು ಖಾಲಿ ಇದೆ ಅಂತ ಧೈರ್ಯ ಮಾಡಬೇಡಿ, ಒಳಗೆ ಉಳಿದ ಪೆಟ್ರೋಲ್ ಆವಿಗೇ ಸಿಡಿಯುವ ಗುಣ ಜಾಸ್ತಿ. ಸಿಎನ್‌ಜಿ ಅಥವಾ ಎಲ್‌ಪಿಜಿ ಕಿಟ್ ಇರುವ ಕಾರಾದರೆ ಮನೆಯಲ್ಲಿ ವೆಲ್ಡಿಂಗ್ ಯೋಚನೆಯನ್ನೇ ಬಿಡಿ. ಅಗ್ನಿಶಾಮಕ ಸಿಲಿಂಡರ್ ಹಿಡಿದು ಒಬ್ಬರು ಪಕ್ಕದಲ್ಲಿ ನಿಂತಿರಲಿ, ಕೆಲಸ ಮುಗಿದ ಮೇಲೂ ಒಂದು ಗಂಟೆ ಕಾರಿನ ಹತ್ತಿರವೇ ಇರಿ.

ಪಕ್ಕದಲ್ಲಿ ನಿಂತವರ ಕಣ್ಣಿಗೂ ವೆಲ್ಡಿಂಗ್ ಹೆಲ್ಮೆಟ್ ಬೇಕು. ನನಗೆ ಶೀಟು ಹಿಡಿದುಕೊಟ್ಟ ಹುಡುಗ ಒಂದೆರಡು ಸಲ ಬರಿಗಣ್ಣಿನಲ್ಲಿ ನೋಡಿದ್ದ. ಸಂಜೆಯವರೆಗೆ ಆರಾಮಾಗಿದ್ದ. ರಾತ್ರಿ ಎರಡು ಗಂಟೆಗೆ ಕಣ್ಣಲ್ಲಿ ಮರಳು ಉಜ್ಜಿದ ಹಾಗಾಗುತ್ತಿದೆ ಅಂತ ಕೂತು ಅತ್ತ. ಆಲೂಗಡ್ಡೆ ಹೋಳು ಇಟ್ಟುಕೊಂಡು ಕಾಯುವುದು ಬೇಡ, ಹೀಗಾದರೆ ಕಣ್ಣಿನ ಡಾಕ್ಟರ ಹತ್ತಿರ ಹೋಗಿ.

ರೇಟು ಜಾಸ್ತಿ ಅನಿಸಿತು ಅಂದಿರಲ್ಲ, ಅದಕ್ಕೆ ಒಂದು ದಾರಿ ಇದೆ. ಗ್ಯಾರೇಜಿನ ಬಿಲ್ಲಿನಲ್ಲಿ ವೆಲ್ಡಿಂಗ್ ಭಾಗ ಸಣ್ಣದು. ಸೀಟು ಬಿಚ್ಚುವುದು, ಕಾರ್ಪೆಟ್ ತೆಗೆಯುವುದು, ಟಾರು ಕೆರೆಯುವುದು, ತುಕ್ಕು ಉಜ್ಜುವುದು, ಮತ್ತೆ ಎಲ್ಲ ಜೋಡಿಸುವುದು, ಇದಕ್ಕೇ ಹೊತ್ತು ಹೋಗುತ್ತದೆ. ಇದನ್ನೆಲ್ಲ ನೀವು, ನಿಮ್ಮ ಭಾವ ಸೇರಿ ಎರಡು ಭಾನುವಾರಗಳಲ್ಲಿ ಮಾಡಿಬಿಡಬಹುದು. ಗ್ರೈಂಡರ್ ಹಿಡಿದು ಶೀಟನ್ನು ಅಳತೆಗೆ ಕತ್ತರಿಸುವುದರಲ್ಲಿ ಭಾವನ ಕೈ ಗ್ಯಾರೇಜಿನ ಹುಡುಗರಿಗಿಂತ ಚೆನ್ನಾಗಿರಬಹುದು. ಮೇಸ್ತ್ರಿಗೆ ಮೊದಲೇ ಹೋಗಿ ಕೇಳಿ: “ಅಣ್ಣ, ಎಲ್ಲ ಬಿಚ್ಚಿ, ಉಜ್ಜಿ ತರ್ತೇವೆ. ವೆಲ್ಡಿಂಗ್ ಮಾತ್ರ ಮಾಡಿಕೊಡ್ತೀರಾ? ಎಷ್ಟಾಗ್ತದೆ?” ಒಪ್ಪುವವರು ಸಿಗುತ್ತಾರೆ.

ಮೇಸ್ತ್ರಿಯನ್ನು ಆರಿಸುವಾಗ ಇನ್ನೊಂದು ಕೇಳಿ, ಪುಟ್ಟಿ ಹಚ್ಚುವ ಮೊದಲು ವೆಲ್ಡು ನೋಡಲು ಬಿಡುತ್ತಾರಾ ಅಂತ. ಹಿಂದೆ ಒಂದು ಗ್ಯಾರೇಜಿನಲ್ಲಿ ನನ್ನ ಕಾರಿನ ರನ್ನಿಂಗ್ ಬೋರ್ಡ್ ಹೊಸದರ ಹಾಗೆ ಹೊಳೆಯುವಂತೆ ಮಾಡಿಕೊಟ್ಟರು. ಒಂದು ಮಳೆಗಾಲ ಕಳೆದ ಮೇಲೆ ಬಣ್ಣ ಉಬ್ಬಿತು. ಸ್ಕ್ರೂಡ್ರೈವರ್ ಚುಚ್ಚಿದರೆ ಒಳಗಿಂದ ಪುಟ್ಟಿಯ ಜೊತೆ ಮಡಚಿದ ಪೇಪರ್ ಬಂತು. ಆ ಕಾರಿನಲ್ಲಿ ಮನೆಮಂದಿಯನ್ನು ಕೂರಿಸಿಕೊಂಡು ಅಷ್ಟು ದಿನ ಓಡಾಡಿದ್ದೆ ಅನ್ನುವುದು ನೆನೆದರೆ ಈಗಲೂ ಸಂಕಟವಾಗುತ್ತದೆ. ಆಯಸ್ಕಾಂತ ಹಿಡಿದು ನೋಡಿ, ದಪ್ಪ ಪುಟ್ಟಿ ಇದ್ದಲ್ಲಿ ಅದು ನಿಲ್ಲುವುದಿಲ್ಲ.

ವೆಲ್ಡಿಂಗ್ ಆದ ಮೇಲಿನ ಕೆಲಸವೂ ನಿಮ್ಮದೇ. ಬೆಂಕಿ ತಾಗಿದ ಜಾಗಕ್ಕೆ ಅದೇ ದಿನ ಪ್ರೈಮರ್ ಹೊಡೆಯಿರಿ, ನಮ್ಮ ಗಾಳಿಗೆ ಬರಿ ಲೋಹ ಬೇಗ ಕೆಂಪಾಗುತ್ತದೆ. ಜೋಡಣೆಗೆ ಸೀಲರ್, ಕೆಳಗೆ ಆಂಟಿ ರಸ್ಟ್ ಕೋಟಿಂಗ್, ರನ್ನಿಂಗ್ ಬೋರ್ಡಿನ ಒಳಗೆ ಪೈಪು ತೂರಿಸಿ ಮೇಣದಂಥ ಆಂಟಿ ರಸ್ಟ್ ಸ್ಪ್ರೇ. ಬಾಗಿಲಿನ ಮತ್ತು ರನ್ನಿಂಗ್ ಬೋರ್ಡಿನ ಅಡಿಯಲ್ಲಿ ನೀರು ಇಳಿಯಲು ಸಣ್ಣ ತೂತುಗಳಿರುತ್ತವೆ. ಕೋಟಿಂಗ್ ಹೊಡೆಯುವಾಗ ಅವು ಮುಚ್ಚಿಹೋಗದಂತೆ ಕಡ್ಡಿ ಚುಚ್ಚಿಡಿ.

ಇವತ್ತು ಮಾಡಬೇಕಾದ್ದು ಇಷ್ಟೇ. ಕಾರ್ಪೆಟ್ ಎತ್ತಿ, ಸ್ಕ್ರೂಡ್ರೈವರಿನ ಹಿಡಿಯಿಂದ ತೂತಿನ ಸುತ್ತ ತಟ್ಟುತ್ತಾ ಹೋಗಿ. ಗಟ್ಟಿ ಶೀಟು ಟಣ್ ಅನ್ನುತ್ತದೆ, ತುಕ್ಕು ತಿಂದದ್ದು ಡಬ್ ಅನ್ನುತ್ತದೆ. ಟಣ್ ಅನ್ನುವ ಜಾಗ ಎಲ್ಲಿ ಶುರುವಾಗುತ್ತದೋ ಅಲ್ಲಿ ಸೀಮೆಸುಣ್ಣದಿಂದ ಗೆರೆ ಎಳೆಯಿರಿ. ಗೆರೆ ಸೀಟಿನ ಬೋಲ್ಟಿನಿಂದ, ರನ್ನಿಂಗ್ ಬೋರ್ಡಿನಿಂದ ದೂರವೇ ನಿಂತರೆ ಗುಜರಿಗೆ ಹೋಗಿ ಹಳೆಯ ಬಾಗಿಲು ತನ್ನಿ. ಅಲ್ಲಿಯವರೆಗೆ ಹರಿದರೆ ಕಾರ್ಪೆಟ್ ಮತ್ತೆ ಹಾಸದೆ, ಹಾಗೇ ಮೇಸ್ತ್ರಿಗೆ ತೋರಿಸಿ.