ಓದುಗರ ಪ್ರಶ್ನೆ: ಕೊನೆ ಗಳಿಗೆಯಲ್ಲಿ ಯೇಸುವನ್ನು ನಂಬಿದ ಪಾಪಿಗೂ ಸ್ವರ್ಗವೇ?

ಪ್ರಶ್ನೆ: ಜೀವನವಿಡೀ ಕಳ್ಳತನ, ಕೊಲೆ ಮಾಡಿಕೊಂಡಿದ್ದವನು ಸಾಯುವ ಮುಂಚೆ ಯೇಸುವನ್ನು ನಂಬಿದರೆ ಅವನಿಗೆ ಸ್ವರ್ಗ ಸಿಗುತ್ತದಂತೆ. ಹಾಗಾದರೆ ಯಾರಿಗೂ ಕೇಡು ಬಯಸದೆ ಬದುಕಿದವನಿಗೆ ಏನು ಲಾಭ? ಇದು ಅನ್ಯಾಯ ಅಲ್ವಾ?

ಉತ್ತರ: ಇದು ಹೊರಗಿನವರು ಮಾತ್ರ ಕೇಳುವ ಪ್ರಶ್ನೆ ಅಂದುಕೊಳ್ಳಬೇಡಿ. ಭಾನುವಾರ ತಪ್ಪದೆ ಚರ್ಚಿಗೆ ಹೋಗುವವರಿಗೂ ಒಳಗೊಳಗೇ ಇದೇ ಕಿರಿಕಿರಿ ಇರುತ್ತದೆ. ಸುತ್ತಿ ಬಳಸದೆ ಹೇಳುವುದಾದರೆ, ಹೌದು, ಮನಸ್ಸು ನಿಜವಾಗಿ ತಿರುಗಿದ್ದರೆ ಅಂಥವನಿಗೂ ಸಿಗುತ್ತದೆ ಎಂದೇ ಕ್ರೈಸ್ತರು ನಂಬುತ್ತಾರೆ. ಬೈಬಲಿನಲ್ಲಿ ಯೇಸುವಿನ ಬದುಕನ್ನು ಹೇಳುವ ಲೂಕನ ಸುವಾರ್ತೆಯ 23ನೇ ಅಧ್ಯಾಯದಲ್ಲಿ ಅಂಥ ಒಬ್ಬನ ಕಥೆಯೇ ಇದೆ.

ಯೇಸುವಿನ ಎಡಕ್ಕೊಬ್ಬ, ಬಲಕ್ಕೊಬ್ಬ ಅಪರಾಧಿಯನ್ನು ಶಿಲುಬೆಗೆ ಹಾಕಿದ್ದರು. ಅವರಲ್ಲೊಬ್ಬ ಹಂಗಿಸಿದ: ನೀನು ಕ್ರಿಸ್ತನಲ್ಲವೇ, ನಿನ್ನನ್ನೂ ಉಳಿಸಿಕೋ, ನಮ್ಮನ್ನೂ ಉಳಿಸು. ಇನ್ನೊಬ್ಬ ಅವನ ಬಾಯಿ ಮುಚ್ಚಿಸಿದ. ನಮಗೆ ಸಿಕ್ಕಿದ್ದು ನಾವು ಮಾಡಿದ್ದಕ್ಕೆ ತಕ್ಕ ಶಿಕ್ಷೆ, ಈತ ಏನೂ ತಪ್ಪು ಮಾಡಿದವನಲ್ಲ ಅಂದ. ಆಮೇಲೆ ಯೇಸುವಿನ ಕಡೆ ತಿರುಗಿ, ನಿನ್ನ ರಾಜ್ಯಕ್ಕೆ ಬರುವಾಗ ನನ್ನನ್ನು ನೆನಪಿಟ್ಟುಕೋ ಎಂದು ಕೇಳಿಕೊಂಡ. ಇವತ್ತೇ ನೀನು ನನ್ನ ಜೊತೆ ಪರದೈಸಿನಲ್ಲಿ, ಅಂದರೆ ಸ್ವರ್ಗದಲ್ಲಿ, ಇರುತ್ತೀಯ ಎಂದು ಯೇಸು ಮಾತು ಕೊಟ್ಟ.

ಈ ಕಳ್ಳನ ಲೆಕ್ಕದಲ್ಲಿ ಒಂದು ಪುಣ್ಯದ ಕೆಲಸವನ್ನೂ ಸುವಾರ್ತೆ ಹೇಳುವುದಿಲ್ಲ. ದಾನ ಮಾಡೋಣವೆಂದರೆ ಕೈ ಶಿಲುಬೆಯಲ್ಲಿತ್ತು. ಆದರೆ ಅವನು ಆಡಿದ ಎರಡು ಮೂರು ಮಾತನ್ನು ನಿಧಾನವಾಗಿ ಓದಿ ನೋಡಿ. ಕೆಟ್ಟವರ ಸಹವಾಸವಿತ್ತು, ಬಡತನವಿತ್ತು ಅಂತ ಒಂದು ನೆಪವನ್ನೂ ಹೇಳಲಿಲ್ಲ. ಅಧಿಕಾರಿಗಳು, ಸಿಪಾಯಿಗಳು ಎಲ್ಲರೂ ಅಣಕಿಸುತ್ತಿದ್ದ ಒಬ್ಬನ ಪರವಾಗಿ ದನಿ ಎತ್ತಿದ. ಕೆಳಗಿಳಿಸು ಅಂತ ಕೇಳಲಿಲ್ಲ, ಯೇಸು ಇಳಿಸಲೂ ಇಲ್ಲ. ಅವನಿಗೆ ಕ್ಷಮೆ ಸಿಕ್ಕಿತು, ಆದರೆ ಕೋರ್ಟಿನ ಶಿಕ್ಷೆ ತಪ್ಪಲಿಲ್ಲ. ದೇವರು ಕ್ಷಮಿಸಿದ್ದಾನೆ, ಹಾಗಾಗಿ ಪೊಲೀಸರೂ ಬಿಟ್ಟುಬಿಡಲಿ ಎನ್ನುವವರಿಗೆ ಈ ಕಥೆಯಲ್ಲಿ ಯಾವ ಆಸರೆಯೂ ಇಲ್ಲ.

ಈಗ ನಿಮ್ಮ ಒಳ್ಳೆಯ ಮನುಷ್ಯನ ವಿಷಯ. ಸ್ವರ್ಗ ಅಂದರೆ ಒಳ್ಳೆಯತನಕ್ಕೆ ಕೊಡುವ ಕೂಲಿ ಎಂದು ಇಟ್ಟುಕೊಂಡರೆ ನಿಮ್ಮ ಸಿಟ್ಟು ಪೂರ್ತಿ ಸರಿ. ಬೈಬಲಿನ ಹಲವು ಪತ್ರಗಳನ್ನು ಬರೆದ ಪ್ರಚಾರಕ ಪೌಲನು ಇಲ್ಲೇ ಬೇರೆ ದಾರಿ ಹಿಡಿಯುತ್ತಾನೆ. ಪಾಪಕ್ಕೆ ಕೂಲಿ ಇದೆ, ಅದು ಮರಣ. ನಿತ್ಯಜೀವ ಮಾತ್ರ ದೇವರು ಸುಮ್ನೆ ಕೊಡುವ ವರ ಎಂದು ರೋಮಿನ ಕ್ರೈಸ್ತರಿಗೆ ಪತ್ರ ಬರೆದ. ಎಲ್ಲರೂ ಪಾಪ ಮಾಡಿದವರೇ ಎಂದೂ ಅದೇ ಪತ್ರದಲ್ಲಿದೆ. ಮರ್ಯಾದಸ್ಥರಿಗೆ ಚುಚ್ಚುವುದು ಈ ಮಾತೇ. ಕೊಲೆಗಾರನಿಗೂ ನನಗೂ ವ್ಯತ್ಯಾಸವೇ ಇಲ್ಲವೇ? ಜನರ ನಡುವೆ ಖಂಡಿತ ಇದೆ, ಬೆಟ್ಟದಷ್ಟಿದೆ. ಆದರೆ ದೇವರ ಮುಂದೆ, ನನ್ನ ಹಕ್ಕಿನದು ಕೊಡು ಎಂದು ಕೈ ಚಾಚುವ ಸ್ಥಿತಿಯಲ್ಲಿ ಇಬ್ಬರೂ ಇಲ್ಲ. ಅದಕ್ಕೇ ಕ್ರಿಸ್ತನು ಶಿಲುಬೆಯ ಮೇಲೆ ಎಲ್ಲರ ಪರವಾಗಿ ಪ್ರಾಣ ಕೊಟ್ಟ, ಅದನ್ನು ನಂಬಿ ಅವನ ಕಡೆ ತಿರುಗುವುದೇ ರಕ್ಷಣೆಯ ದಾರಿ ಎನ್ನುತ್ತದೆ ಕ್ರೈಸ್ತ ಬೋಧನೆ.

ಅನ್ಯಾಯ ಎಂಬ ಗೊಣಗಾಟ ಯೇಸುವಿಗೆ ಚೆನ್ನಾಗಿ ಗೊತ್ತಿತ್ತು. ಮತ್ತಾಯನ ಸುವಾರ್ತೆಯ 20ನೇ ಅಧ್ಯಾಯದಲ್ಲಿ ಅವನು ಹೇಳುವ ದ್ರಾಕ್ಷಿತೋಟದ ಕಥೆ ಅದರ ಮೇಲೆಯೇ ನಿಂತಿದೆ. ಯಜಮಾನ ಮುಂಜಾನೆಯೇ ಆಳುಗಳನ್ನು ಕರೆದ. ಆಮೇಲೆ 9ಕ್ಕೆ, 12ಕ್ಕೆ, 3ಕ್ಕೆ ಮತ್ತೆ ಕೆಲವರನ್ನು ಕರೆದ. ಸಂಜೆ 5ರ ಹೊತ್ತಿಗೂ ಕೆಲಸ ಸಿಗದೆ ನಿಂತವರಿದ್ದರು, ಅವರನ್ನೂ ಕಳಿಸಿದ. ಕೂಲಿ ಕೊಡುವಾಗ ಎಲ್ಲರಿಗೂ ಒಂದೇ ನಾಣ್ಯ, ಅಂದರೆ ಒಂದು ದಿನದ ಪೂರ್ತಿ ಕೂಲಿ. ಇಲ್ಲೊಂದು ಚೆಂದದ ಕುತಂತ್ರವಿದೆ. ಕೊನೆಗೆ ಬಂದವರಿಂದ ಶುರುಮಾಡಿ ಕೊಡು ಎಂದು ಯಜಮಾನ ಹೇಳುತ್ತಾನೆ. ಬೆಳಗ್ಗೆ ಬಂದವರಿಗೆ ಮೊದಲು ಕೊಟ್ಟಿದ್ದರೆ ಅವರು ಖುಷಿಯಾಗಿ ಮನೆಗೆ ಹೋಗುತ್ತಿದ್ದರು, ಜಗಳವೇ ಇರುತ್ತಿರಲಿಲ್ಲ. ಬೇಕಂತಲೇ ಅವರನ್ನು ಕಾಯಿಸಿ, ಕಣ್ಣೆದುರೇ ಬೇರೆಯವರಿಗೆ ಕೊಡಿಸಿದ. ಬಿಸಿಲಲ್ಲಿ ದುಡಿದವರು ನಾವು ಎಂದು ಅವರು ರೇಗಿದಾಗ, ನಿನಗೆ ಮಾತಾಡಿದ್ದರಲ್ಲಿ ಒಂದು ಕಾಸಾದರೂ ಕಡಿಮೆ ಕೊಟ್ಟೆನಾ, ನಾನು ಧಾರಾಳಿ ಅಂತ ನಿನಗೆ ಹೊಟ್ಟೆಕಿಚ್ಚಾ ಎಂದು ಕೇಳುತ್ತಾನೆ.

ಹಾಗಾದರೆ ಮಜಾ ಮಾಡಿ ಕೊನೆಗೆ ನಂಬಿದರಾಯಿತು ಅಲ್ವಾ? ಆ ಲೆಕ್ಕವನ್ನೂ ಜನ ಹಾಕಿ ನೋಡಿದ್ದಾರೆ. 4ನೇ ಶತಮಾನದಲ್ಲಿ ದೀಕ್ಷಾಸ್ನಾನವನ್ನು, ಅಂದರೆ ಕ್ರೈಸ್ತ ಸಭೆಗೆ ಸೇರಿಸುವ ನೀರಿನ ಸಂಸ್ಕಾರವನ್ನು, ಮುಂದೂಡುವುದು ಮಾಮೂಲಿಯಾಗಿತ್ತು. ಅದು ಹಳೆಯ ಪಾಪವನ್ನೆಲ್ಲ ತೊಳೆಯುತ್ತದೆ, ಆಮೇಲೆ ಎಡವಿದರೆ ಕಠಿಣ ಪ್ರಾಯಶ್ಚಿತ್ತ, ಹಾಗಾಗಿ ತಡವಾದಷ್ಟೂ ಒಳ್ಳೆಯದು ಎಂಬ ಯೋಚನೆ. ರೋಮ್ ಚಕ್ರವರ್ತಿ ಕಾನ್‌ಸ್ಟಂಟೈನ್ ಕೂಡ 337ರಲ್ಲಿ, ಸಾವಿನ ಹಾಸಿಗೆಯಲ್ಲಿ, ಸ್ನಾನ ಪಡೆದ. ಅದೇ ಶತಮಾನದಲ್ಲಿ ಹುಟ್ಟಿದ ಕ್ರೈಸ್ತ ಚಿಂತಕ ಸಂತ ಅಗಸ್ಟೀನ್‌ಗೆ ಈ ಜಾಣತನ ಕಂಡರೆ ಆಗುತ್ತಿರಲಿಲ್ಲ. ಅವನಿಗಿನ್ನೂ ಸ್ನಾನ ಆಗಿಲ್ಲ, ಬಿಡು, ಏನು ಬೇಕಾದರೂ ಮಾಡಿಕೊಳ್ಳಲಿ ಅನ್ನುತ್ತೀರಲ್ಲ, ಇನ್ನೂ ವಾಸಿಯಾಗಿಲ್ಲ, ಮತ್ತಷ್ಟು ಗಾಯ ಮಾಡಿಕೊಳ್ಳಲಿ ಅಂತ ಯಾರಾದರೂ ಅನ್ನುತ್ತಾರಾ ಎಂದು ತನ್ನ ಆತ್ಮಕಥೆಯಲ್ಲಿ ಕೇಳುತ್ತಾನೆ. ನನಗೆ ಕಾಣುವ ತೊಡಕು ಇನ್ನೂ ಸರಳ. ಪಶ್ಚಾತ್ತಾಪವೆಂದರೆ ಮಾಡಿದ್ದಕ್ಕೆ ನಿಜವಾಗಿ ನೋಯುವುದು. ಇಂಥ ದಿನ ನೊಂದುಕೊಳ್ಳುತ್ತೇನೆ ಎಂದು ಮೊದಲೇ ಗೊತ್ತುಮಾಡಿಟ್ಟವನಿಗೆ ಆ ನೋವು ಎಲ್ಲಿಂದ ಬರಬೇಕು?

ಬದುಕಲು ಸಮಯ ಸಿಕ್ಕವರ ನಂಬಿಕೆ ನಡತೆಯಲ್ಲಿ ಕಾಣಲೇಬೇಕು. ತೆರಿಗೆ ವಸೂಲಿಯ ಜಕ್ಕಾಯ, ಯೇಸು ತನ್ನ ಮನೆಗೆ ಬಂದ ದಿನವೇ, ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ಕಿತ್ತುಕೊಂಡದ್ದಕ್ಕೆ ನಾಲ್ಕರಷ್ಟು ವಾಪಸ್ ಎಂದ. ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದು ಎಂದು ಬೈಬಲಿನ ಇನ್ನೊಂದು ಪತ್ರದಲ್ಲಿ ಯಾಕೋಬ ಬರೆದ. ಕ್ರಿಯೆ ಮತ್ತು ನಂಬಿಕೆಯ ಈ ನಂಟಿನ ಬಗ್ಗೆಯೇ 1517ರಲ್ಲಿ ಚರ್ಚಿನ ಸುಧಾರಣೆ ಶುರುಮಾಡಿದ ಜರ್ಮನಿಯ ಪಾದ್ರಿ ಮಾರ್ಟಿನ್ ಲೂಥರ್ ಕಡೆಯ ಪ್ರೊಟೆಸ್ಟಂಟರೂ ಕಥೋಲಿಕರೂ ಶತಮಾನಗಟ್ಟಲೆ ಜಗಳವಾಡಿದರು. 1999ರ ಅಕ್ಟೋಬರ್ 31ರಂದು ಜರ್ಮನಿಯ ಆಗ್ಸ್‌ಬರ್ಗ್‌ನಲ್ಲಿ ಎರಡೂ ಕಡೆಯವರು ಜಂಟಿ ಹೇಳಿಕೆಗೆ ಸಹಿ ಹಾಕಿದರು: ನಮ್ಮ ಯೋಗ್ಯತೆಯಿಂದ ಅಲ್ಲ, ಕೃಪೆಯಿಂದಲೇ ದೇವರು ನಮ್ಮನ್ನು ಸ್ವೀಕರಿಸುತ್ತಾನೆ, ಆ ಕೃಪೆಯೇ ಒಳ್ಳೆಯ ಕೆಲಸಕ್ಕೆ ಕರೆಯುತ್ತದೆ ಎಂದು. ಎಲ್ಲವೂ ಒಂದಾಗಲಿಲ್ಲ. ಕ್ಷಮೆ ಸಿಕ್ಕ ಆತ್ಮಕ್ಕೂ ಸ್ವರ್ಗ ಸೇರುವ ಮುಂಚೆ ಶುದ್ಧೀಕರಣ ಬೇಕಾಗಬಹುದು ಎನ್ನುತ್ತಾರೆ ಕಥೋಲಿಕರು. ನವೆಂಬರ್ 2ರಂದು ಮಂಗಳೂರಿನ ಕಥೋಲಿಕ ಸಮಾಧಿಗಳ ಮೇಲೆ ಹೂವು, ಮೇಣದಬತ್ತಿ ಕಾಣುವುದು ಸತ್ತವರ ಆ ಶುದ್ಧೀಕರಣಕ್ಕಾಗಿ ಮಾಡುವ ಪ್ರಾರ್ಥನೆಗೇ. ಪ್ರೊಟೆಸ್ಟಂಟರು ಇದನ್ನು ಒಪ್ಪುವುದಿಲ್ಲ.

ಪೇಪರಿನಲ್ಲಿ ಹೆಸರು ಬಂದ ಇಂಥ ಕೊಲೆಗಾರ ಈಗ ಸ್ವರ್ಗದಲ್ಲಿದ್ದಾನಾ ಎಂದು ಕೇಳಿದರೆ? ಅವನ ಕೊನೆ ಉಸಿರಿನಲ್ಲಿ ಏನಾಯಿತೆಂದು ಪಕ್ಕದಲ್ಲಿ ನಿಂತವರಿಗೂ ತಿಳಿಯುವುದಿಲ್ಲ. ಕಥೋಲಿಕ ಸಭೆ ಸಾವಿರಾರು ಜನರನ್ನು ಸಂತರೆಂದು ಸಾರಿದೆ. ಇಂಥವರು ನರಕದಲ್ಲಿದ್ದಾರೆ ಎಂದು ಮಾತ್ರ ಇದುವರೆಗೆ ಒಬ್ಬರ ಹೆಸರನ್ನೂ ಘೋಷಿಸಿಲ್ಲ.